ಪಾರೆಯ ಮೇಲೆ ದಾರಿ ತೋರುವವರು

ಆಸ್ಟ್ರೇಲಿಯಾ ಖಂಡದ ನಡುಭಾಗವನ್ನು ಆವರಿಸಿಕೊಂಡಿರುವ, ಜನವಸತಿ ತೀರ ವಿರಳವಾದ ಒಣ ಒಳನಾಡಿಗೆ ಔಟ್‌ಬ್ಯಾಕ್ ಎಂದು ಹೆಸರು. ಹತ್ತು ಹದಿನೈದು ಮಂದಿಯ ಸಣ್ಣ ತಂಡವೊಂದು ನೆಲದ ಗುಟ್ಟು ಬಲ್ಲ ಮಾರ್ಗದರ್ಶಿಯೊಡನೆ ಜೀಪಿನಂಥ ಗಟ್ಟಿ ವಾಹನದಲ್ಲಿ ಹಲವು ದಿನ ಅಲ್ಲಿ ಸಂಚರಿಸಿ, ಇರುಳಾದಾಗ ಬಯಲಲ್ಲೇ ಕ್ಯಾನ್‌ವಾಸಿನ ಹಾಸಿಗೆ ಬಿಚ್ಚಿ ಮಲಗಿ, ಬಂಡೆ, ನೀರಿನ ಗುಂಡಿ, ಗಿಡಮೂಲಿಕೆ, ಪ್ರಾಣಿಗಳ ಜಾಡು ಇವುಗಳ ಅರ್ಥವನ್ನು ಮಾರ್ಗದರ್ಶಿಯ ಬಾಯಿಂದಲೇ ಕೇಳಿ ತಿಳಿಯುವ ಪ್ರವಾಸಪದ್ಧತಿ ಅಲ್ಲಿ ಬೇರೂರಿದೆ. ಇಂಥ ನೆಲಕ್ಕೂ ಕೇರಳದ ಕಾಸರಗೋಡು ಜಿಲ್ಲೆಗೂ ಹೋಲಿಕೆ ಇರಲಾರದೆಂದು ಮೇಲ್ನೋಟಕ್ಕೆ ತೋರುವುದು ಸಹಜ, ಏಕೆಂದರೆ ಔಟ್‌ಬ್ಯಾಕಿನ ನಡುವಿರುವ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ವರ್ಷಕ್ಕೆ ಸರಾಸರಿ 280 ಮಿಲಿಮೀಟರಿನಷ್ಟು ಮಳೆಯಾದರೆ ಕಾಸರಗೋಡಿನಲ್ಲಿ ಸುಮಾರು 3,500 ಮಿಲಿಮೀಟರ್ ಸುರಿಯುತ್ತದೆ. ಆದರೆ ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಮುಗಿದುಹೋಗುವುದರಿಂದ, ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಪೆರಿಯ, ಚೀಮೇನಿ, ಮಡಿಕೈ ಅಥವಾ ಪೈವಳಿಕೆಯ ಎತ್ತರದ ಬಯಲಲ್ಲಿ ನಿಂತವರ ಕಣ್ಣಿಗೆ ಕಾಣುವುದು ನೆರಳಿಲ್ಲದ, ಮಣ್ಣಿಲ್ಲದ, ಕಾದು ಕಪ್ಪಾದ ಕಲ್ಲಿನ ಹರಹು ಮಾತ್ರ.

ಈ ಹರಹನ್ನು ಊರವರು ಪಾರೆ ಅಥವಾ ಪದವು ಎನ್ನುತ್ತಾರೆ. ಸರಕಾರದ ಬಂಜರು ಭೂಮಿಯ ನಕಾಶೆಗಳಲ್ಲಿ ಇಂಥ ನೆಲ ‘ಬರಡು ಕಲ್ಲುಭೂಮಿ’ ಎಂಬ ವರ್ಗಕ್ಕೆ ಸೇರುತ್ತದೆ. ಕಂದಾಯ ಕಡತಗಳಲ್ಲಿ ಬಹುಮಟ್ಟಿಗೆ ಪರಂಬೋಕು, ಅಂದರೆ ಯಾರ ಪಟ್ಟೆಯಲ್ಲೂ ಇಲ್ಲದ ಸರಕಾರಿ ಜಾಗ. ಬರಡೆಂದು ಬರೆದಿಟ್ಟ ಈ ನೆಲದ ಹೊಟ್ಟೆಯಲ್ಲೇ ಇಳಿಜಾರಿನ ಅಡಿಕೆ ತೋಟಗಳಿಗೂ ಮನೆಗಳಿಗೂ ಬೇಕಾದ ನೀರು ಕೂಡಿಕೊಂಡಿದೆ, ಮೇಲ್ಮೈಯಲ್ಲಿ ಜಗತ್ತಿನ ಬೇರೆಲ್ಲೂ ಸಿಗದ ಗಿಡಗಳಿವೆ, ಪ್ರಾಗೈತಿಹಾಸಿಕ ಮನುಷ್ಯ ಕೊರೆದ ಆಕೃತಿಗಳಿವೆ. ಇವಾವುದೂ ತಾನಾಗಿ ಕಣ್ಣಿಗೆ ಬೀಳುವುದಿಲ್ಲ. ಬರಿದಾಗಿ ಕಾಣುವ ನೆಲದಲ್ಲಿ ನೋಟ ಸಿಗಬೇಕಾದರೆ ಅದನ್ನು ಬಲ್ಲವರೊಬ್ಬರು ಮುಂದೆ ನಡೆಯಬೇಕು, ಹಿಂದೆ ಬರುವವರು ಕೆಲವೇ ಮಂದಿಯಾಗಿರಬೇಕು, ಮತ್ತು ಮುಂದೆ ನಡೆಯುವವರಿಗೆ ಅವರ ತಿಳಿವಳಿಕೆಗೆ ತಕ್ಕ ಗೌರವವೂ ಸಂಭಾವನೆಯೂ ದೊರೆಯಬೇಕು ಎಂಬ ಪಾಠವನ್ನು ಆಸ್ಟ್ರೇಲಿಯಾ ಬಹಳ ಕಹಿಯಾದ ದಾರಿಯಿಂದ ಕಲಿತಿದೆ. ಕಾಸರಗೋಡಿಗೆ ಅದನ್ನು ಅಷ್ಟು ಕಹಿಯಿಲ್ಲದೆ ಕಲಿಯುವ ಅವಕಾಶ ಇನ್ನೂ ಉಳಿದಿದೆ.

ಆ ಕಹಿಯ ಸ್ವರೂಪವನ್ನು ತಿಳಿಯಲು ಪಶ್ಚಿಮ ಆಸ್ಟ್ರೇಲಿಯಾದ ಒಂದು ದಾರಿಯ ಚರಿತ್ರೆ ಸಾಕು. 1906-07ರಲ್ಲಿ ಆಲ್‌ಫ್ರೆಡ್ ಕ್ಯಾನಿಂಗ್ ಎಂಬ ಮೋಜಣಿದಾರನು ಉತ್ತರದ ಹಾಲ್ಸ್ ಕ್ರೀಕ್‌ನಿಂದ ದಕ್ಷಿಣದ ವಿಲೂನಾದವರೆಗೆ ದನಗಳನ್ನು ಹೊಡೆದುಕೊಂಡು ಬರಲು ಮರುಭೂಮಿಯ ನಡುವೆ ಸುಮಾರು 1,850 ಕಿಲೋಮೀಟರ್ ಉದ್ದದ ದಾರಿಯನ್ನು ಗುರುತಿಸಿದನು. ದಾರಿಯುದ್ದಕ್ಕೂ ನೀರು ಎಲ್ಲೆಲ್ಲಿದೆಯೆಂಬುದು ಅಲ್ಲಿನ ಮೂಲನಿವಾಸಿಗಳಿಗೆ ಮಾತ್ರ ಗೊತ್ತಿದ್ದ ಸಂಗತಿಯಾದ್ದರಿಂದ ಅವನ ತಂಡ ಅವರಲ್ಲಿ ಕೆಲವರನ್ನು ಹಿಡಿದು ಸರಪಣಿಯಲ್ಲಿ ಬಿಗಿದು ಮುಂದೆ ನಡೆಸಿತು. ಉಪ್ಪು ತಿನ್ನಿಸಿ ಬಾಯಾರಿಸಿ ನೀರಿನ ನೆಲೆಗೆ ಒಯ್ಯಿಸಿಕೊಂಡ ಆಪಾದನೆಯೂ ಅವನ ಮೇಲಿದೆ. 1908ರಲ್ಲಿ ವಿಚಾರಣಾ ಆಯೋಗವೊಂದು ಕುಳಿತು ಅವನನ್ನು ನಿರ್ದೋಷಿಯೆಂದು ಬಿಟ್ಟಿತು. ಮರುಭೂಮಿಯಲ್ಲಿ ದಾರಿ ತೋರಿದವರ ಹೆಸರುಗಳು ಬಹುತೇಕ ಅಳಿದುಹೋದವು. ದಾರಿಗೆ ಮಾತ್ರ ಕ್ಯಾನಿಂಗನ ಹೆಸರು ನಿಂತಿತು.

ಇದಕ್ಕೆ ತದ್ವಿರುದ್ಧವಾದ ನಡೆಯನ್ನು ಈಗ ಉಲುರುವಿನಲ್ಲಿ ಕಾಣಬಹುದು. ಸುತ್ತಣ ಸಮತಟ್ಟಿನಿಂದ 348 ಮೀಟರ್ ಎತ್ತರಕ್ಕೆ ಎದ್ದಿರುವ ಈ ಕೆಂಪು ಏಕಶಿಲೆಯನ್ನೂ ಅದರ ಸುತ್ತಲಿನ ಉದ್ಯಾನವನ್ನೂ 1985ರ ಅಕ್ಟೋಬರ್ 26ರಂದು ಸರಕಾರ ಅಲ್ಲಿನ ಮೂಲ ಒಡೆಯರಾದ ಆನಂಗು ಜನರಿಗೆ ಹಿಂದಿರುಗಿಸಿತು. ಅವರು ಅದನ್ನು 99 ವರ್ಷಗಳ ಗೇಣಿಗೆ ರಾಷ್ಟ್ರೀಯ ಉದ್ಯಾನದ ಆಡಳಿತಕ್ಕೆ ಕೊಟ್ಟು, ಆಡಳಿತ ಮಂಡಳಿಯಲ್ಲಿ ತಮ್ಮ ಬಹುಮತವನ್ನು ಉಳಿಸಿಕೊಂಡರು. ಬಂಡೆಯನ್ನು ಹತ್ತಬಾರದೆಂಬ ಅವರ ಕೋರಿಕೆ ದಶಕಗಳ ಕಾಲ ಕೋರಿಕೆಯಾಗಿಯೇ ಇದ್ದು, 2019ರ ಅಕ್ಟೋಬರ್ 26ರಿಂದ ಕಾನೂನಾಯಿತು. ಆ ನೆಲದ ಸೃಷ್ಟಿಕಥೆ, ಧರ್ಮ, ಕಟ್ಟಳೆ ಮೂರನ್ನೂ ಒಳಗೊಂಡ ‘ಚುಕುರ್ಪಾ’ ಎಂಬ ಪರಂಪರೆಯ ತಿಳಿವನ್ನು ಪಾಠವಾಗಿ ಕಲಿತು ಪ್ರಮಾಣಪತ್ರ ಪಡೆದವರಷ್ಟೇ ಉದ್ಯಾನದಲ್ಲಿ ವಾಣಿಜ್ಯ ಪ್ರವಾಸಗಳಿಗೆ ಮಾರ್ಗದರ್ಶಿಗಳಾಗಬಹುದು. ಕೆಲವು ಮೂಲೆಗಳ ಫೋಟೋ ತೆಗೆಯಬಾರದು, ಕೆಲವು ಕಥೆಗಳನ್ನು ಹೊರಗಿನವರಿಗೆ ಹೇಳುವಂತಿಲ್ಲ, ಮತ್ತು ಅದನ್ನು ಪ್ರವಾಸಿಗರು ಒಪ್ಪಿಕೊಳ್ಳಬೇಕು. ಏನನ್ನು ತೋರಿಸಬೇಕು, ಏನನ್ನು ತೋರಿಸಬಾರದು ಎಂದು ನಿರ್ಧರಿಸುವ ಅಧಿಕಾರ ನೆಲದವರ ಕೈಗೆ ಬಂದಿರುವುದೇ ಈ ಪದ್ಧತಿಯ ಜೀವಾಳ.

ಕಾಸರಗೋಡಿನ ಪಾರೆ ಎಂಥದೆಂಬುದನ್ನು ಇನ್ನು ನೋಡಬಹುದು. ಊರಿನಲ್ಲಿ ಮುರಕಲ್ಲು, ಕೆಂಪುಕಲ್ಲು, ಜಂಬಿಟ್ಟಿಗೆ ಎಂಬ ಹೆಸರುಗಳಿರುವ ಕಲ್ಲನ್ನು ಭೂವಿಜ್ಞಾನಿಗಳು ಲ್ಯಾಟರೈಟ್ ಎನ್ನುತ್ತಾರೆ. 1800-01ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಈಗ ಮಲಪ್ಪುರಂ ಜಿಲ್ಲೆಗೆ ಸೇರಿದ ಅಂಗಾಡಿಪುರಂ ಎಂಬಲ್ಲಿ ಈ ಕಲ್ಲನ್ನು ಕಂಡು ಅದಕ್ಕೆ ಆ ಹೆಸರಿಟ್ಟನು, ಮತ್ತು ಅದೇ ಪ್ರಯಾಣದಲ್ಲಿ ಕಾಸರಗೋಡಿನ ಕರಾವಳಿಯನ್ನೂ ಹಾದುಹೋದನು. ಬಿಸಿಲೂ ಬಿರುಮಳೆಯೂ ಸರದಿಯಲ್ಲಿ ಬರುವ ನಾಡುಗಳಲ್ಲಿ ಲಕ್ಷಾಂತರ ವರ್ಷಗಳ ಕಾಲ ಮಳೆನೀರು ಬಂಡೆಯ ಸಿಲಿಕಾ, ಸುಣ್ಣ ಮೊದಲಾದವನ್ನು ಕರಗಿಸಿ ಒಯ್ದಾಗ, ಕರಗದೆ ಉಳಿದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಸೇರಿ ಗಟ್ಟಿಯಾಗಿ ಈ ಕಲ್ಲಾಗುತ್ತದೆ. ಮೇಲ್ಪದರ ಗಾಳಿಗೆ ಒಡ್ಡಿಕೊಂಡು ಕಬ್ಬಿಣದಷ್ಟು ಬಿರುಸಾಗಿರುತ್ತದೆ. ಅದರ ಕೆಳಗಿನದು ಜೇನುಗೂಡಿನಂತೆ ತೂತುಗಳಿಂದ ತುಂಬಿದ್ದು ಹಾರೆ ಪಿಕ್ಕಾಸಿಗೆ ಬಗ್ಗುವಷ್ಟು ಮೆದು. ಅದಕ್ಕೂ ಕೆಳಗೆ ನೀರನ್ನು ಸುಲಭವಾಗಿ ಇಳಿಯಗೊಡದ ಶೇಡಿಮಣ್ಣಿನ ಪದರವಿರುತ್ತದೆ. ಪಾರೆಯ ಬಿರುಕುಗಳಲ್ಲಿ ಇಳಿದ ಮಳೆನೀರು ಶೇಡಿಯ ಮೇಲೆ ನಿಂತು, ಮೆಲ್ಲಗೆ ಪಕ್ಕಕ್ಕೆ ಸರಿದು, ಗುಡ್ಡದ ಬದಿಯಲ್ಲಿ ಒರತೆಯಾಗಿ ಹೊರಬರುತ್ತದೆ. ಮೇಲೆ ಬೆಂಗಾಡು, ಕೆಳಗೆ ಬೈಲಿನಲ್ಲಿ ಹಸಿರು ತೋಟ ಎಂಬ ಕಾಸರಗೋಡಿನ ಪರಿಚಿತ ನೋಟದ ಹಿಂದಿರುವುದು ಈ ಮೂರು ಪದರಗಳ ಲೆಕ್ಕಾಚಾರ.

ಮಳೆ ಹಿಡಿದ ಕೆಲವೇ ವಾರಗಳಲ್ಲಿ ಪಾರೆಯ ರೂಪ ಬದಲಾಗುತ್ತದೆ. ಕಲ್ಲಿನ ತಗ್ಗುಗಳೆಲ್ಲ ಗೇಣು ಆಳದ ಪಳ್ಳಗಳಾಗಿ, ಅವುಗಳ ಅಂಚಿನಲ್ಲಿ ಎರಿಯೊಕಾಲನ್ ಕುಲದ ಬಿಳಿ ಗುಂಡಿಯಂಥ ಹೂಗಳೂ, ಮಲಯಾಳಿಗಳು ಓಣಂ ಹೂರಂಗೋಲಿಗೆಂದು ಕೊಯ್ಯುವ ‘ಕಾಕ್ಕಪ್ಪೂ’ ಎಂಬ ನೀಲಿ ಹೂಗಳೂ ಹಾಸಿಕೊಳ್ಳುತ್ತವೆ. ಯೂಟ್ರಿಕ್ಯುಲೇರಿಯಾ ಕುಲದ ಈ ನೀಲಿ ಗಿಡ ಬೇರಿನ ಜಾಗದಲ್ಲಿ ಸೂಕ್ಷ್ಮವಾದ ಚೀಲಗಳನ್ನು ಬೆಳೆಸಿ, ನೀರಿನಲ್ಲಿರುವ ಸಣ್ಣ ಜೀವಿಗಳನ್ನು ಒಳಗೆಳೆದು ಜೀರ್ಣಿಸಿಕೊಳ್ಳುತ್ತದೆ. ಪಕ್ಕದಲ್ಲೇ ಬೆಳೆಯುವ ಡ್ರೋಸೆರಾ ತನ್ನ ಎಲೆಯ ಅಂಟುಹನಿಗಳಿಂದ ಕೀಟ ಹಿಡಿಯುತ್ತದೆ. ಮಣ್ಣೇ ಇಲ್ಲದ ಕಲ್ಲಿನಲ್ಲಿ ಸಾರಜನಕ ಸಿಗದಿರುವಾಗ ಗಿಡಗಳು ಕಂಡುಕೊಂಡ ಬದುಕಿನ ಉಪಾಯವಿದು. ಉತ್ತರ ಕೇರಳದ ಪಾರೆಗಳಲ್ಲಿ ಬೆಳೆಯುವ ಕೃಷ್ಣಕೇಸರವೆಂಬ ನೀರುಗಿಡ ಮತ್ತು ಲೆಪಿಡಗ್ಯಾಥಿಸ್ ಕೇರಳೆನ್ಸಿಸ್ ಎಂಬ ಮುಳ್ಳುಮುಳ್ಳಾದ ನೆಲಗಿಡ ಈ ಸಮುದಾಯಕ್ಕೆ ಸೇರಿವೆ. ಪೆರಿಯದ ಮುರಕಲ್ಲಿನ ನಡುವೆ ಮಳೆಗಾಲದಲ್ಲಷ್ಟೇ ಹರಿಯುವ ತೋಡುಗಳಲ್ಲಿ ಬೆಳೆಯುವ ಬಿಳಿ ಹೂವಿನ ಕ್ರೈನಂ ಮಲಬಾರಿಕಂ ಎಂಬ ಗೆಡ್ಡೆಗಿಡ 2012ರಲ್ಲಿ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾಯಿತು. 2023ರಲ್ಲಿ ಕಾಸರಗೋಡು ತನ್ನದೇ ಆದ ಜಿಲ್ಲಾ ಮರ, ಹಕ್ಕಿ, ಹೂವು, ಪ್ರಾಣಿಗಳನ್ನು ಘೋಷಿಸಿಕೊಂಡಾಗ ಪೆರಿಯ ಪೊಲತ್ತಾಳಿಯೆಂಬ ಹೆಸರಿನ ಇದೇ ಗಿಡ ಜಿಲ್ಲೆಯ ಹೂವಾಯಿತು. ಬರಡೆಂದು ದಾಖಲಾದ ನೆಲದ ಗಿಡವೊಂದು ಜಿಲ್ಲೆಯ ಗುರುತಾಗಿರುವುದು ಸಣ್ಣ ಮಾತಲ್ಲ, ಮತ್ತು ಆ ನಿರ್ಧಾರ ಕೈಗೊಂಡವರು ಅಭಿನಂದನೆಗೆ ಅರ್ಹರು.

ಪಾರೆಯ ಮೇಲಿನ ಈ ಬದುಕಿಗಿಂತಲೂ ಮಿಗಿಲಾದ ಅಚ್ಚರಿ ಅದರ ಒಡಲಲ್ಲಿದೆ. ಬಾಯಾರು, ಪೈವಳಿಕೆ, ಎಣ್ಮಕಜೆ, ಬದಿಯಡ್ಕದ ಕಡೆಗಳಲ್ಲಿಯೂ ಗಡಿಯಾಚೆ ಬಂಟ್ವಾಳ ತಾಲೂಕಿನ ಮಾಣಿಲ, ಕೇಪು ಗ್ರಾಮಗಳಲ್ಲಿಯೂ ಗುಡ್ಡದ ಬದಿಯಿಂದ ಅಡ್ಡವಾಗಿ ಒಳಕ್ಕೆ ಕೊರೆದ, ನೀರು ತಾನಾಗಿ ಹೊರಗೆ ಹರಿದು ಬರುವ ಕಿರಿದಾದ ಗುಹೆಯನ್ನು ಸುರಂಗವೆನ್ನುತ್ತಾರೆ. ಆಳೊಬ್ಬ ತುಸು ಬಾಗಿ ನಡೆಯುವಷ್ಟು, ಅಂದರೆ ಆರಡಿಯ ಆಸುಪಾಸಿನ ಎತ್ತರ. ಎರಡಡಿಗೆ ಸ್ವಲ್ಪ ಹೆಚ್ಚು ಕಡಿಮೆಯಾದ ಅಗಲ. ಉದ್ದ ಮಾತ್ರ ಹತ್ತಾರು ಅಡಿಯಿಂದ ಹಿಡಿದು 300 ಮೀಟರಿನವರೆಗೂ ಇರಬಹುದು. ಅಳತೆ ಕೋಲಿನ ಲೆಕ್ಕದಲ್ಲಿ ನಡೆಯುತ್ತದೆ. ಒಂದು ಕೋಲೆಂದರೆ ಎರಡೂವರೆ ಅಡಿಗೆ ಸಮೀಪ. ಒಳಗೆ ಒಬ್ಬ ಪಿಕ್ಕಾಸಿನಿಂದ ಕಡಿಯುತ್ತ ಹೋದರೆ ಇನ್ನೊಬ್ಬ ಮಣ್ಣನ್ನು ಬುಟ್ಟಿಯಲ್ಲಿ ಹೊರಗೆ ಸಾಗಿಸುತ್ತಾನೆ. ನೀರು ಹೊರಮುಖವಾಗಿ ಹರಿಯಲು ನೆಲಕ್ಕೆ ಸಣ್ಣ ಇಳಿಜಾರು ಕೊಡುತ್ತಾರೆ, ಮತ್ತು ಹರಿದು ಬಂದ ನೀರನ್ನು ಸುರಂಗದ ಬಾಯಿಯ ಬಳಿ ತೋಡಿದ ಮಣ್ಣಿನ ಕೆರೆಯಲ್ಲಿ ಕೂಡಿಟ್ಟು ತೋಟಕ್ಕೂ ಮನೆಗೂ ಬಿಡುತ್ತಾರೆ. ವಿದ್ಯುತ್ತು ಬೇಡ, ಪಂಪು ಬೇಡ, ಹಗ್ಗವೂ ಬೇಡ. ಗುಡ್ಡದ ಒಳಗಿನ ನೀರು ತನ್ನ ಭಾರಕ್ಕೆ ತಾನೇ ಇಳಿದು ಅಡುಗೆಮನೆಯ ಹಂಡೆಗೆ ಬೀಳುತ್ತದೆ.

ಎಲ್ಲಿ ಕೊರೆಯಬೇಕೆಂಬ ನಿರ್ಧಾರದಲ್ಲಿಯೇ ಈ ವಿದ್ಯೆಯ ಸಾರವಿದೆ. ಬೇಸಿಗೆಯಲ್ಲೂ ಹಸಿರು ಕಳೆದುಕೊಳ್ಳದ ಗಿಡಗಳು, ಹುತ್ತದ ನೆಲೆ, ಮಣ್ಣಿನ ಬಣ್ಣ ಮತ್ತು ತಂಪು ಇವನ್ನು ನೋಡಿ ಜಾಗ ಹಿಡಿಯುವ ಕೆಲಸಗಾರ, ಒಳಗೆ ಹೋದಂತೆಲ್ಲ ಕಲ್ಲು ಕೊಡುವ ಸದ್ದಿನಿಂದ ಮುಂದಿನ ಪದರವನ್ನು ಊಹಿಸುತ್ತಾನೆ. ಮೊಂಬತ್ತಿ ಅವನಿಗೆ ಬೆಳಕೂ ಹೌದು, ಗಾಳಿಯ ಅಳತೆಯೂ ಹೌದು. ಬತ್ತಿ ಮಂಕಾಗಿ ನಂದಿತೆಂದರೆ ಆಮ್ಲಜನಕ ಸಾಲದೆಂದು ತಿಳಿದು ಹಿಂದೆ ಸರಿಯಬೇಕು. ಉದ್ದನೆಯ ಸುರಂಗಗಳಿಗೆ ಮೇಲಿನಿಂದ ಗಾಳಿಗಂಡಿ ಕೊರೆಯುವುದುಂಟು. ಕುಂಡಂಕುಳಿಯ ಕುಂಞಂಬು ಎಂಬವರು ಐದು ದಶಕಗಳ ದುಡಿಮೆಯಲ್ಲಿ ಸಾವಿರಕ್ಕೂ ಮಿಕ್ಕಿ ಸುರಂಗಗಳನ್ನು ಕೊರೆದಿದ್ದಾರೆಂದು ಪತ್ರಿಕೆಗಳು ದಾಖಲಿಸಿವೆ. ಗಡಿಗೆ ತಾಗಿದ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸ ಮುಗಿಸಿ ಬಂದು ಇರುಳಲ್ಲಿ ದೀಪ ಹಚ್ಚಿಕೊಂಡು ಒಬ್ಬರೇ ಕೊರೆದವರು. 1978ರಲ್ಲಿ ತಮಗೆ ದೊರೆತ ಎರಡು ಎಕರೆ ಬೋಳುಗುಡ್ಡದಲ್ಲಿ ಮೊದಲು ಕೊರೆದ ಹಲವು ಸುರಂಗಗಳು ಒಣಗಿಯೇ ಉಳಿದರೂ ಬಿಡದೆ ಕೊರೆದು ನೀರು ಕಂಡು, ಅಡಿಕೆ ತೋಟ ಎಬ್ಬಿಸಿದ ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂತು.

ಇರಾನಿನ ಕನಾತ್ ಎಂಬ ಪ್ರಾಚೀನ ಭೂಗತ ಕಾಲುವೆಗಳಿಗೂ ಕಾಸರಗೋಡಿನ ಸುರಂಗಗಳಿಗೂ ಹೋಲಿಕೆ ಕಲ್ಪಿಸುವುದು ರೂಢಿಯಾಗಿದೆ. ಅರಬ್ಬಿ ಸಮುದ್ರದ ವ್ಯಾಪಾರದೊಡನೆ ಈ ವಿದ್ಯೆಯೂ ಹಡಗೇರಿ ಬಂದಿರಬಹುದೆಂಬ ಊಹೆ ಆಕರ್ಷಕವಾದರೂ ಅದಕ್ಕೆ ಬಲವಾದ ಆಧಾರವಿಲ್ಲ. ಕನಾತ್ ಎಂದರೆ ಊರಿಗೆಲ್ಲ ನೀರುಣಿಸುವ, ಸಾಲುಸಾಲು ಲಂಬಬಾವಿಗಳಿರುವ, ಹಲವು ಕಿಲೋಮೀಟರ್ ಉದ್ದದ ಸಾರ್ವಜನಿಕ ರಚನೆ. ಸುರಂಗವಾದರೋ ಒಂದು ಮನೆಯ, ಹೆಚ್ಚೆಂದರೆ ಎರಡು ಮೂರು ಮನೆಗಳ ಸೊತ್ತು. ಬ್ರಿಟನ್ನಿನ ಹರ್ಟ್‌ಫೋರ್ಡ್‌ಶೈರ್ ವಿಶ್ವವಿದ್ಯಾಲಯದ ಸಂಶೋಧಕರು ಈ ಪ್ರದೇಶದಲ್ಲಿ ನಡೆಸಿದ ಅಧ್ಯಯನಗಳೂ ಸುರಂಗವನ್ನು ಈಚಿನ ತಲೆಮಾರುಗಳಲ್ಲಿ ಹಬ್ಬಿದ, ಈಗಲೂ ಜೀವಂತವಾಗಿರುವ ಸ್ಥಳೀಯ ತಂತ್ರಜ್ಞಾನವಾಗಿ ಕಾಣುತ್ತವೆ. 2016ರಲ್ಲಿ ಹನ್ನೊಂದು ಕನಾತ್‌ಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಸಾವಿರಾರು ಸಂಖ್ಯೆಯಲ್ಲಿರುವ ಸುರಂಗಗಳಿಗೆ ಪಂಚಾಯತಿನ ಮಟ್ಟದ ಪೂರ್ಣ ಪಟ್ಟಿಯಾದರೂ ಆಗಬೇಕಾದುದು ನ್ಯಾಯ. ನೀರಿನ ಕುರಿತು ದಶಕಗಳಿಂದ ಬರೆಯುತ್ತ ಬಂದಿರುವ, ಎಣ್ಮಕಜೆಯ ಪಡ್ರೆ ಗ್ರಾಮದ ಪತ್ರಕರ್ತ ಶ್ರೀ ಪಡ್ರೆಯವರ ಲೇಖನಗಳಿಲ್ಲದಿದ್ದರೆ ಕನ್ನಡದ ಓದುಗರಿಗೂ ಈ ವಿಷಯ ಇಷ್ಟು ತಿಳಿದಿರುತ್ತಿರಲಿಲ್ಲ.

ಪಾರೆಯ ಮೂರನೆಯ ಮುಖ ಅದರ ಮೇಲಿನ ಬರಹ. ಚೀಮೇನಿಯ ಅರಿಯಿಟ್ಟಪಾರೆ ಎಂಬಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಕೊರೆದ ಆಕೃತಿಗಳಿವೆ. ಮಡಿಕೈ ಪಂಚಾಯತಿನ ಎರಿಕುಳಂ ಮತ್ತು ಕಾಞ್ಞಿರಪೊಯಿಲ್‌ಗಳಲ್ಲಿಯೂ ಕೆತ್ತನೆಗಳು ಬೆಳಕಿಗೆ ಬಂದಿವೆ. ಬಿಸಿಲು ನೆತ್ತಿಗೇರಿದಾಗ ಇವು ಕಾಣುವುದೇ ಇಲ್ಲ; ಬೆಳಗಿನ ಅಥವಾ ಸಂಜೆಯ ಓರೆಬೆಳಕಿನಲ್ಲಿ ಗೆರೆಗಳಿಗೆ ನೆರಳು ಬಿದ್ದಾಗ ಮಾತ್ರ ಆಕೃತಿ ಮೂಡುತ್ತದೆ, ಆದ್ದರಿಂದ ಜಾಗ ಬಲ್ಲವರಿಲ್ಲದೆ ಹೋದ ಪ್ರವಾಸಿಗ ಅದರ ಮೇಲೆಯೇ ಕಾಲಿಟ್ಟು ನಡೆದುಹೋಗುವ ಸಂಭವವೇ ಹೆಚ್ಚು. ಇದೇ ಬಗೆಯ ಮುರಕಲ್ಲಿನ ಬಯಲುಗಳಲ್ಲಿರುವ ರತ್ನಾಗಿರಿ, ಸಿಂಧುದುರ್ಗ ಮತ್ತು ಗೋವಾದ ಕೆತ್ತನೆಗಳು 2022ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಕೊಂಕಣದಿಂದ ಕಣ್ಣೂರಿನವರೆಗಿನ ಪಾರೆಗಳನ್ನು ಒಂದೇ ಸಾಂಸ್ಕೃತಿಕ ಭೂಭಾಗವಾಗಿ ನೋಡುವ ದೃಷ್ಟಿ ಬೆಳೆದರೆ ಕಾಸರಗೋಡಿನವೂ ಅಲ್ಲಿಗೆ ಸೇರಬೇಕಾದವೇ. ಕುಂಬಳೆಯ ಸಮೀಪದ ಅನಂತಪುರದಲ್ಲಿ ಪಾರೆಯ ನಡುವಣ ಸರೋವರದಲ್ಲಿ ನಿಂತಿರುವ ದೇವಾಲಯಕ್ಕೆ ಮಾತ್ರ ಪರಿಚಯ ಬೇಕಾಗಿಲ್ಲ. 2022ರ ಅಕ್ಟೋಬರಿನಲ್ಲಿ ತೀರಿಕೊಂಡ ‘ಬಬಿಯಾ’ ಎಂಬ ಮೊಸಳೆಯಿಂದಾಗಿ ಅದು ಎಲ್ಲೆಡೆ ಹೆಸರಾಗಿದೆ. ಆದರೆ ಮೊಸಳೆಯನ್ನು ಕೇಳಿಕೊಂಡು ಬರುವವರಿಗೆ, ಸುತ್ತೆಲ್ಲ ಒಣಗಿದ ಕಲ್ಲಿನ ನಡುವೆ ಆ ನೀರು ಹೇಗೆ ನಿಂತಿದೆಯೆಂದು ವಿವರಿಸಿ ಹೇಳುವವರು ಇದ್ದರೆ ಆ ಭೇಟಿ ಇನ್ನಷ್ಟು ಸಾರ್ಥಕವಾದೀತು.

ನೆಲವನ್ನು ಬರಿದೆಂದು ಎಣಿಸುವುದರ ಬೆಲೆ ಎಷ್ಟಾಗಬಹುದೆಂಬುದನ್ನು ಎರಡೂ ನಾಡುಗಳು ಅನುಭವಿಸಿವೆ. ದಕ್ಷಿಣ ಆಸ್ಟ್ರೇಲಿಯಾದ ಮರಲಿಂಗ ಎಂಬ ಮರುಭೂಮಿಯಲ್ಲಿ ಜನರಿಲ್ಲವೆಂಬಂತೆ ಬ್ರಿಟನ್ 1956 ಮತ್ತು 1957ರಲ್ಲಿ ಏಳು ಅಣುಬಾಂಬುಗಳನ್ನು ಸಿಡಿಸಿತು, 1963ರವರೆಗೆ ಪ್ಲುಟೋನಿಯಂ ಚದುರಿಸುವ ಇತರ ಪರೀಕ್ಷೆಗಳನ್ನು ನಡೆಸಿತು. ಅಲ್ಲಿ ತಲೆತಲಾಂತರದಿಂದ ಓಡಾಡಿಕೊಂಡಿದ್ದ ಜನರನ್ನು ಅದಕ್ಕೆ ಮೊದಲೇ ತೆರವು ಮಾಡಿಸಲಾಗಿತ್ತು. ಕಾಸರಗೋಡಿನಲ್ಲಿ ಪಾರೆಯ ಮೇಲ್ಭಾಗಗಳೂ ಗುಡ್ಡದ ತಲೆಗಳೂ ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳಾದವು, ಮತ್ತು ಎಪ್ಪತ್ತರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಅವುಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಯಲಾಯಿತು. ಗುಡ್ಡದ ತಲೆಯ ಮೇಲೆ ಬಿದ್ದುದು ಕಲ್ಲಿನ ತೂತುಗಳಲ್ಲಿ ಇಳಿದು ಸುರಂಗದ ನೀರಾಗಿ ಮನೆಯೊಳಗೆ ಬರುತ್ತದೆಂಬುದು ಸಿಂಪಡಿಸಿದವರ ಲೆಕ್ಕದಲ್ಲಿರಲಿಲ್ಲ. ಸುರಂಗ ಕೊರೆದ ಯಾವ ಕೂಲಿಯಾಳನ್ನು ಕೇಳಿದ್ದರೂ ಹೇಳುತ್ತಿದ್ದ. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪಡ್ರೆಯಿಂದ ತಂದ ನೀರು, ಮಣ್ಣು ಮತ್ತು ರಕ್ತದ ಮಾದರಿಗಳಲ್ಲಿ ವಿಷದ ಉಳಿಕೆಯನ್ನು ತೋರಿಸಿಕೊಟ್ಟಿತು. 2011ರಲ್ಲಿ ಸುಪ್ರೀಂ ಕೋರ್ಟು ಅದರ ತಯಾರಿ, ಮಾರಾಟ, ಬಳಕೆಗಳನ್ನು ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಈ ವಿಷದಿಂದ ಮಕ್ಕಳ ಮೈಯಲ್ಲಿ ಆದ ಹಾನಿಗೆ ಆ ಹಣ ಸಾಟಿಯಲ್ಲವೆಂಬುದನ್ನು ಎಣ್ಮಕಜೆಯ ಮನೆಗಳಿಗೆ ಹೋದವರೆಲ್ಲ ಬಲ್ಲರು.

ಮರಲಿಂಗ ಪ್ರದೇಶದ ಬಹುಪಾಲು ನೆಲ 1984ರಲ್ಲಿಯೂ ಬಾಂಬು ಸಿಡಿಸಿದ ಭಾಗ 2009ರಲ್ಲಿಯೂ ಅದರ ಮೂಲ ಒಡೆಯರಿಗೆ ಹಿಂದಿರುಗಿತು. ಈಗ ಅಲ್ಲಿಗೆ ಒಡೆಯರ ಅನುಮತಿಯೊಂದಿಗೆ ಮಾರ್ಗದರ್ಶಿಯ ಜೊತೆ ಸಣ್ಣ ತಂಡಗಳು ಹೋಗುತ್ತವೆ, ಬಾಂಬು ಸಿಡಿದ ಜಾಗಗಳನ್ನು ನೋಡಿ ನಡೆದುದನ್ನು ತಿಳಿದು ಬರುತ್ತವೆ. ದುಃಖದ ನೆಲಕ್ಕೂ ಪ್ರವಾಸಿಗರನ್ನು ಕರೆದೊಯ್ಯಬಹುದು, ಆದರೆ ಅದರ ಕಥೆಯನ್ನು ಹೇಳುವ ಹಕ್ಕು ದುಃಖಪಟ್ಟವರದಾಗಿರಬೇಕು ಎಂಬ ಈ ತತ್ತ್ವವನ್ನು ಪಡ್ರೆಯ ಕಡೆಗೆ ಯಾತ್ರೆ ಹೊರಡುವ ವಿದ್ಯಾರ್ಥಿತಂಡಗಳೂ ಕ್ಯಾಮೆರಾ ಹಿಡಿದವರೂ ನೆನಪಿಡುವುದು ಒಳ್ಳೆಯದು. ಕಾಯಿಲೆಯಿಂದ ನರಳುವ ಮಗು ಯಾರಿಗೂ ನೋಟದ ವಸ್ತುವಾಗಬಾರದು.

ಇಂದು ಪಾರೆಗಳ ಮೇಲೆ ಬರುತ್ತಿರುವ ಒತ್ತಡ ಬೇರೆ ಬಗೆಯದು. ಕೆಂಪುಕಲ್ಲಿನ ಕೋರೆಗಳು ಮೇಲ್ಪದರವನ್ನು ಕತ್ತರಿಸಿ ಒಯ್ಯುತ್ತವೆ; ಅಂಬಲತ್ತರ, ಪೈವಳಿಕೆಗಳ ಎತ್ತರದ ಬಯಲುಗಳಲ್ಲಿ ಸೌರವಿದ್ಯುತ್ ಸ್ಥಾವರಗಳು ನಿಂತಿವೆ; ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬೆಳೆದಿದೆ. ಸೌರಶಕ್ತಿಯೂ ವಿಶ್ವವಿದ್ಯಾಲಯವೂ ಬೇಕಾದವುಗಳೇ. ಆದರೆ ಹೇಗಿದ್ದರೂ ಉಪಯೋಗಕ್ಕೆ ಬಾರದ ಜಾಗವೆಂಬ ಭಾವನೆಯಿಂದ ಪ್ರತಿಯೊಂದು ಯೋಜನೆಗೂ ಪಾರೆಯನ್ನೇ ಮೊದಲು ತೋರಿಸುವ ಅಭ್ಯಾಸಕ್ಕೆ ಕಡಿವಾಣ ಬೀಳದಿದ್ದರೆ, ಕೆಳಗಿನ ಬೈಲುಗಳ ಸುರಂಗಗಳು ಬತ್ತುವುದನ್ನು ತಡೆಯಲಾಗದು. ಕೊಳವೆಬಾವಿಗಳ ಹಾವಳಿಯಿಂದ ಬತ್ತಿರುವ ಸುರಂಗಗಳೇ ಈಗಾಗಲೇ ಬಹಳ. ಅತ್ತ ಜಿಲ್ಲೆಯ ಪ್ರವಾಸೋದ್ಯಮವೆಂದರೆ ಬೇಕಲದ ಕೋಟೆ, ಅದರ ಸುತ್ತಣ ಕಡಲತೀರದ ಹೋಟೆಲುಗಳು ಎಂದೇ ಆಗಿದೆ. ಪನತ್ತಡಿಯ ರಾಣಿಪುರಂ ಬೆಟ್ಟದಲ್ಲಿ ಅರಣ್ಯ ಇಲಾಖೆ ಸ್ಥಳೀಯ ವನಸಂರಕ್ಷಣಾ ಸಮಿತಿಯ ನೆರವಿನಿಂದ ಚಾರಣವನ್ನು ನಡೆಸುತ್ತಿರುವುದು, ಕೇರಳ ಸರಕಾರ 2017ರಲ್ಲಿ ಹುಟ್ಟುಹಾಕಿದ ಜವಾಬ್ದಾರಿಯುತ ಪ್ರವಾಸೋದ್ಯಮ ಮಿಷನ್ ಹಳ್ಳಿಬದುಕನ್ನು ಹತ್ತಿರದಿಂದ ತೋರಿಸುವ ಪ್ರವಾಸಗಳನ್ನು ರೂಪಿಸಿರುವುದು ಪಾರೆಗೂ ಹೊಂದುವ ಮಾದರಿಗಳು.

ಪಾರೆಯ ಪ್ರವಾಸದಲ್ಲಿ ತಂಡದ ಗಾತ್ರವನ್ನು ನೆಲವೇ ನಿರ್ಧರಿಸುತ್ತದೆ. ಎರಡಡಿ ಅಗಲದ ಸುರಂಗದಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಬೇಕಾಗಿರುವುದರಿಂದ, ಒಳಗಿನ ಗಾಳಿ ಕೆಲವರಿಗೆ ಮಾತ್ರ ಸಾಲುವುದರಿಂದ, ಬಾವಲಿಗಳನ್ನು ಬೆದರಿಸಬಾರದಾಗಿರುವುದರಿಂದ, ಒಂದು ಸಲಕ್ಕೆ ಮೂರು ನಾಲ್ಕು ಮಂದಿಗಿಂತ ಹೆಚ್ಚು ಒಳಹೋಗುವಂತಿಲ್ಲ. ಮೇಲೆ ಗೇಣು ಆಳದ ಪಳ್ಳಕ್ಕೆ ಹತ್ತು ಬೂಟುಗಳು ಇಳಿದರೆ ಒಂದು ವರ್ಷದ ಹೂವು ಹೋಯಿತು. ಟಿಟ್ಟಿಭ ಹಕ್ಕಿ ಬರಿಗಲ್ಲಿನ ಮೇಲೆ ಇಟ್ಟ ಮೊಟ್ಟೆಗಳು ಕಲ್ಲಿನದೇ ಬಣ್ಣದವಾದ್ದರಿಂದ ಅರಿಯದವರ ಕಾಲಡಿಗೆ ಸಿಗುತ್ತವೆ. ಆದ್ದರಿಂದ ಎಂಟು ಹತ್ತು ಮಂದಿ, ಒಬ್ಬ ಮಾರ್ಗದರ್ಶಿ, ನಿಗದಿಯಾದ ಕಾಲುದಾರಿ ಎಂಬ ಮಿತಿ ಅನಿವಾರ್ಯ. ಮಾರ್ಗದರ್ಶಿಯ ಸ್ಥಾನಕ್ಕೆ ಇಂಗ್ಲಿಷ್ ಬಲ್ಲ ಹೊರಗಿನ ಯುವಕನಿಗಿಂತ, ತುಳು, ಕನ್ನಡ, ಮಲಯಾಳಂ ಬೆರೆಸಿ ಮಾತಾಡುವ, ಪಿಕ್ಕಾಸು ಹಿಡಿದ ಕೈಯ ಸುರಂಗ ಕೆಲಸಗಾರನೇ ಯೋಗ್ಯ; ಅವನ ಮಾತನ್ನು ಬೇಕಾದರೆ ಆ ಯುವಕನೇ ಪಕ್ಕದಲ್ಲಿ ನಿಂತು ಅನುವಾದಿಸಲಿ. ಇಳಿವಯಸ್ಸಿನಲ್ಲಿರುವ ಈ ಕೆಲಸಗಾರರಿಗೆ ಸುರಂಗ ಕೊರೆಯುವ ಕೆಲಸ ಈಗ ವಿರಳವಾಗಿದೆ, ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ಸಂಭಾವನೆಯ ಪ್ರಶ್ನೆ ಬಂದಾಗ ಕೂಲಿಯ ದರವನ್ನು ಮರೆತು, ಪರಿಣತನ ದರವನ್ನು ಕೊಡಬೇಕು. ಇತರರ ತೋಟಗಳನ್ನು ಹಸಿರಾಗಿಸಿ ತಾವು ತುಂಡು ಭೂಮಿಯಲ್ಲೇ ಉಳಿದ ಜನರಿಗೆ ನಾಡು ತೀರಿಸಬೇಕಾದ ಸಾಲ ಇಷ್ಟಾದರೂ ಇದೆ.

ಇದಕ್ಕೆ ದೊಡ್ಡ ಹಣವೇನೂ ಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿನಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿ, ತನ್ನ ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಪಾರೆಗಳ ಗಿಡಗಳೊಡನೆ ಸುರಂಗಗಳನ್ನೂ, ಅವನ್ನು ಕೊರೆದವರ ಹೆಸರುಗಳನ್ನೂ ಬರೆದಿಡಲಿ. ಹೋಗಬಹುದಾದ ದಾರಿಗಳನ್ನೂ ಹೋಗಬಾರದ ದಾರಿಗಳನ್ನೂ ಗುರುತಿಸಲಿ. ಬಂದ ಶುಲ್ಕದಲ್ಲಿ ಸುರಂಗದ ಹೂಳೆತ್ತುವ ಕೆಲಸಕ್ಕೆ ಒಂದು ಪಾಲು ತೆಗೆದಿಡಲಿ. ಎಣ್ಮಕಜೆ, ಪೈವಳಿಕೆ, ಮಡಿಕೈ ಪಂಚಾಯತುಗಳು ಇದಕ್ಕೆ ಮೊದಲ ಹೆಜ್ಜೆ ಇಡಬೇಕೆಂದು ಕೇಳಿಕೊಳ್ಳುವುದು ಅತಿಯಾಗದು.

ಹೋಗಬಯಸುವ ಓದುಗರು ಆಗಸ್ಟ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗಿನ ದಿನಗಳಲ್ಲಿ ಹೂವನ್ನೂ, ಜನವರಿಯ ನಂತರ ಕೆತ್ತನೆಗಳನ್ನೂ ಸುರಂಗಗಳನ್ನೂ ನೋಡುವುದು ಉತ್ತಮ. ಮಳೆ ಸುರಿಯುವಾಗ ಸುರಂಗದ ಒಳಗೆ ಕಾಲಿಡಬಾರದು, ಏಕೆಂದರೆ ನೆನೆದ ಮುರಮಣ್ಣು ಕುಸಿಯಬಹುದು. ಸುರಂಗಗಳು ಬಹುತೇಕ ಖಾಸಗಿ ಮನೆಗಳ ಹಿತ್ತಿಲಲ್ಲಿವೆ, ಅವುಗಳ ನೀರನ್ನು ಮನೆಯವರು ಕುಡಿಯುತ್ತಾರೆ. ಆದುದರಿಂದ ಮೊದಲು ಮನೆಯವರನ್ನು ಕೇಳಿ, ಚಪ್ಪಲಿ ಹೊರಗಿಟ್ಟು, ಅವರು ಮುಂದೆ ನಡೆದ ಮೇಲೆಯೇ ಹಿಂದೆ ಹೋಗತಕ್ಕದ್ದು.